ಸಿಂಗಲ್ ರೂಮಿನ ಲೆಕ್ಕ

ಬೈಪಾಸ್‌ಗೆ ಅಡ್ಮಿಟ್ ಮಾಡುವಾಗ ಆಸ್ಪತ್ರೆಯವರು ಕೇಳುವ ಪ್ರಶ್ನೆಗಳಲ್ಲಿ ಮನೆಯವರು ತಾವಾಗಿ ಉತ್ತರಿಸಬಹುದಾದದ್ದು ಒಂದೇ: ರೂಮು ಯಾವುದು? ಎಷ್ಟು ಗ್ರಾಫ್ಟ್, ಯಾವ ದಿನ, ಯಾರ ಕೈಯಲ್ಲಿ, ಉಳಿದದ್ದೆಲ್ಲ ಡಾಕ್ಟರಿಗೆ ಬಿಟ್ಟಿದ್ದು. ಹೆದರಿದ ಮನಸ್ಸು ತನ್ನ ಪ್ರೀತಿಯನ್ನೆಲ್ಲ ಆ ರೂಮಿನ ಮೇಲೆ ಸುರಿದುಬಿಡುತ್ತದೆ. ಯಲಹಂಕದ ಮನೆಗೆ ಹತ್ತಿರವಿರಲಿ, ಹೆಬ್ಬಾಳದ ಟ್ರಾಫಿಕ್ ದಾಟುವುದು ಬೇಡ ಎಂದು ಅಪ್ಪನನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. "ನೋಡೋಕೆ ಬಂದವ್ರು ಎಲ್ಲಿ ಕೂತ್ಕೋಬೇಕು? ಜೀವಕ್ಕಿಂತ ದುಡ್ಡು ಹೆಚ್ಚೇನೋ?" ಎಂದರು ಸೋದರತ್ತೆ. ಸಿಂಗಲ್ ರೂಮಿಗೆ ಸಹಿ ಹಾಕಿದವನು ನಾನು.

ಅಪ್ಪನ ಆರೋಗ್ಯ ವಿಮೆ ಪಾಲಿಸಿ 5 ಲಕ್ಷದ್ದು, ರೂಮ್ ರೆಂಟ್ ಮಿತಿ ಶೇ 1. ಅಂದರೆ ದಿನಕ್ಕೆ 5,000. ರೂಮು 8,000. ಮೂರು ದಿನಕ್ಕೆ 9,000 ಕೈಯಿಂದ ಹೋಗುತ್ತೆ, ಹೋಗಲಿ ಎಂದುಕೊಳ್ಳುವವರೇ ಹೆಚ್ಚು. ಬಿಲ್ಲು 4,60,000 ಎಂದಿಟ್ಟುಕೊಳ್ಳಿ. ಔಷಧಿ, ಕನ್ಸ್ಯೂಮಬಲ್ಸ್, ಟೆಸ್ಟು, ಐಸಿಯು ಸೇರಿ 1,80,000. ಇದಕ್ಕೆ ಪ್ರೊಪೋರ್ಷನೇಟ್ ಕಡಿತ, ಅಂದರೆ ರೂಮು ಮಿತಿ ಮೀರಿದ ಅನುಪಾತದಲ್ಲೇ ಉಳಿದ ಬಿಲ್ಲನ್ನೂ ಕತ್ತರಿಸುವುದು, ಹಾಕುವಂತಿಲ್ಲ. ಸರ್ಜನ್, ಅನಸ್ತೇಶಿಯಾ, ಓಟಿ, ನರ್ಸಿಂಗ್, ವಿಸಿಟ್ ಸೇರಿ 2,56,000. ಇಲ್ಲಿ ಕಂಪನಿ ಕೊಡುವುದು ಎಂಟರಲ್ಲಿ ಐದು ಪಾಲು, ಅಂದರೆ 1,60,000. ಖೋತಾ 96,000. ಅದಕ್ಕೆ ರೂಮಿನ 9,000 ಸೇರಿಸಿ: 1,05,000. ಗ್ಲೌಸು, ಡೈಪರ್‌ನಂಥ ನಾನ್-ಪೇಯಬಲ್ ಬೇರೆ. ದಿನಕ್ಕೆ 3,000ದ ಆಸೆಗೆ ಲಕ್ಷ ದಾಟಿತು. ತಮಾಷೆಯೆಂದರೆ, ಆಪರೇಷನ್ ಆದ ಮೊದಲ ಎರಡು-ಮೂರು ದಿನ ರೋಗಿ ಇರುವುದು ಐಸಿಯುನಲ್ಲಿ. ಅಲ್ಲಿಗೆ ಸೋದರತ್ತೆಯನ್ನೂ ಬಿಡುವುದಿಲ್ಲ.

ಅಡ್ಮಿಶನ್ ಕೌಂಟರಿನಲ್ಲಿ ಕೇಳಬೇಕಾದದ್ದು ಎಸಿ, ಟಿವಿ ಅಲ್ಲ. "ರೂಮು ಬದಲಾದ್ರೆ ಸರ್ಜನ್ ಫೀನೂ ಬದಲಾಗುತ್ತಾ?" ಎಂದು ಕೇಳಿ. ಬದಲಾಗದ ಆಸ್ಪತ್ರೆಯಲ್ಲಿ ಈ ಕಡಿತವೇ ಸಲ್ಲದು.

ಇದನ್ನೆಲ್ಲ ಆರ್.ಟಿ. ನಗರದ ಪರಿಚಯದ ಏಜೆಂಟರಿಗೆ ಹೇಳಿದರೆ ಅವರು ಚೀಲದಿಂದ ತೆಗೆದದ್ದು ಹಾಸ್ಪಿಟಲ್ ಕ್ಯಾಶ್ ಪಾಲಿಸಿ. ಆಸ್ಪತ್ರೆಯಲ್ಲಿದ್ದ ದಿನಕ್ಕೆ 2,000 ಅಂತೆ! ಇಂಥ ಹಲವು ಪಾಲಿಸಿಗಳಲ್ಲಿ ಮೊದಲ ದಿನ ಲೆಕ್ಕಕ್ಕೇ ಇಲ್ಲ. ಲಕ್ಷ ಖೋತಾ ಬಿದ್ದಲ್ಲಿ ಇದು ಕ್ಯಾಂಟೀನ್ ಖರ್ಚಿಗೆ ಆದೀತು. ಆ ಪ್ರೀಮಿಯಂ ದುಡ್ಡಿನಲ್ಲಿ ರೂಮ್ ರೆಂಟ್ ಮಿತಿಯಿಲ್ಲದ ಪಾಲಿಸಿಗೆ ಹೋಗಿ. 2024ರ ನಿಯಮದ ಪ್ರಕಾರ ಹಳೆಯ ಕಾಯಿಲೆಗೆ ವೇಟಿಂಗ್ ಪೀರಿಯಡ್ 3 ವರ್ಷ ಮೀರುವಂತಿಲ್ಲ. ಆದರೆ ಆಂಜಿಯೋಗ್ರಾಮ್ ರಿಪೋರ್ಟ್ ಕೈಗೆ ಬಂದ ಮೇಲೆ ಕೊಂಡ ಯಾವ ಪಾಲಿಸಿಯೂ ಈ ಆಪರೇಷನ್ನಿಗೆ ಒದಗುವುದಿಲ್ಲ.

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ಗೆ ಪ್ಯಾಕೇಜಿನ ಶೇ 30, ಗರಿಷ್ಠ 1.5 ಲಕ್ಷ. ಬನ್ನೇರುಘಟ್ಟ ರಸ್ತೆಯ ಸರ್ಕಾರಿ ಹೃದ್ರೋಗ ಆಸ್ಪತ್ರೆ ಜಯದೇವ ನಮಗೆ ಬೆಂಗಳೂರಿನ ಇನ್ನೊಂದು ತುದಿ, ನಿಜ. ಆದರೂ ಸಹಿ ಹಾಕುವ ಮೊದಲು ಅಲ್ಲೊಂದು ಎಸ್ಟಿಮೇಟ್ ಕೇಳಿ.

ಓಟಿಗೆ ಕರೆದೊಯ್ಯುವ ಮುಂಚೆ ನರ್ಸು ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಉಂಗುರ, ವಾಚು, ಹಲ್ಲಿನ ಸೆಟ್ಟು, ಬಿಚ್ಚಿದ ಉಡಿದಾರ, ಅಪ್ಪನ ಫೋನು. ಫೋನಿಗೆ ಲಾಕ್. ಎಫ್‌ಡಿ ಮುರಿಯಲು ಒಟಿಪಿ ಬರಬೇಕಾದದ್ದು ಅದಕ್ಕೇ. ಅಪ್ಪನ ಬಾಯಲ್ಲಿ ವೆಂಟಿಲೇಟರ್ ಟ್ಯೂಬು. ಅಮ್ಮನಿಗೆ ಯಾವ ಬ್ಯಾಂಕು ಎಂದೂ ಗೊತ್ತಿರಲಿಲ್ಲ. ನಮ್ಮ ಗಂಡಸರ ದೊಡ್ಡ ಚಾಳಿ ಇದು: ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುತ್ತಾರೆ, ಉಳಿತಾಯ ಎಲ್ಲಿದೆ ಎಂದು ಹೆಂಡತಿಗೆ ಹೇಳುವುದಿಲ್ಲ. ಉಳಿತಾಯ ಖಾತೆ ಜಂಟಿಯಾಗಿರಲಿ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂತೆ 'ಐದರ್ ಆರ್ ಸರ್ವೈವರ್' ಇರಲಿ. ಅಡ್ವಾನ್ಸ್ ದುಡ್ಡು ಆಸ್ಪತ್ರೆಗೆ ಓಡಾಡುವವರ ಖಾತೆಗೆ ಮೊದಲೇ ಬಂದಿರಲಿ. ಕೆಟ್ಟದ್ದು ನುಡಿದಂತಾಯಿತು ಎಂದು ಮುಖ ಸಿಂಡರಿಸುವವರು ಸಿಂಡರಿಸಲಿ.

ರೋಗಿಗೂ ಮುಚ್ಚಿಡಬೇಡಿ. ಎಚ್ಚರವಾದಾಗ ಗಂಟಲಲ್ಲಿ ಟ್ಯೂಬಿರುತ್ತದೆ, ಮಾತು ಬರುವುದಿಲ್ಲ, ಕೆಮ್ಮುವಾಗ ದಿಂಬನ್ನು ಎದೆಗೆ ಅವುಚಿಕೊಳ್ಳಬೇಕು ಎಂದು ಮೊದಲೇ ಹೇಳಿದರೆ ಗಾಬರಿ ಕಡಿಮೆ. ಮನೆಗೆ ಬಂದ ಮೇಲೆ ಸುಮ್ಮಸುಮ್ಮನೆ ಅಳು ಬರುವುದೂ ಉಂಟು. ಹೆಚ್ಚು ದಿನ ಹಾಗೇ ಇದ್ದರೆ ಡಾಕ್ಟರಿಗೆ ಹೇಳಿ. ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಸ್ಕೂಟರ್ ಇಲ್ಲ, ತಪಾಸಣೆಗೆ ಕ್ಯಾಬೇ ಗತಿ. ಕ್ಯಾಬಿನ ದುಡ್ಡು ವಾಪಸು ಬರುವುದಿಲ್ಲ, ಆದರೆ ಆಮೇಲಿನ ಮಾತ್ರೆ, ಟೆಸ್ಟಿನ ಬಿಲ್ಲು ಹಲವು ಪಾಲಿಸಿಗಳಲ್ಲಿ 60 ದಿನದವರೆಗೆ ನಡೆಯುತ್ತದೆ. ಮೆಡಿಕಲ್ ಶಾಪಿನಲ್ಲಿ ರೋಗಿಯ ಹೆಸರು ಬರೆಸಿಯೇ ಬಿಲ್ಲು ತನ್ನಿ.