ಒಮ್ಮೆ ಒತ್ತಿದರೆ ಎರಡಕ್ಷರ! ಮೆಕ್ಯಾನಿಕಲ್ ಕೀಬೋರ್ಡ್ ರಿಪೇರಿ ಮನೆಯಲ್ಲೇ

ಆಷಾಢದ ಗಾಳಿ ಎದ್ದರೆ ಕೆಜಿಎಫ್ ಮನೆಗಳಲ್ಲಿ ಕಿಟಕಿ ಮುಚ್ಚುವ ಕೆಲಸ ಶುರು. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆದರೆ ಅದಿರನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಚಿನ್ನ ತೆಗೆದುಕೊಂಡು ಸುರಿದ ಮಣ್ಣು ಸೈನೈಡ್ ಗುಡ್ಡಗಳಾಗಿ ಹಾಗೇ ನಿಂತಿದೆ. ಒಟ್ಟು 13 ಗುಡ್ಡ, ಸುಮಾರು 3.3 ಕೋಟಿ ಟನ್. ಗಾಳಿ ಬೀಸಿದಾಗ ಆ ದೂಳು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್ ಎನ್ನದೆ ಎಲ್ಲ ಕಡೆ ನುಗ್ಗುತ್ತದೆ. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ದುಡಿಯುವವರ ಮೇಜಿಗೂ ಬರುತ್ತದೆ, ಮೇಜಿನ ಮೇಲಿರುವ ಮೆಕ್ಯಾನಿಕಲ್ ಕೀಬೋರ್ಡಿನ ಒಳಕ್ಕೂ ಇಳಿಯುತ್ತದೆ.

ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಅಕ್ಷರದ ಕೆಳಗೂ ಒಂದು ಬಿಡಿ ಸ್ವಿಚ್ ಇರುತ್ತದೆ. ಸಾಮಾನ್ಯ ಕೀಬೋರ್ಡಿನಂತೆ ರಬ್ಬರ್ ಹಾಳೆಯಲ್ಲ. ಹಾಗಾಗಿ ಒಂದು ಅಕ್ಷರ ಕೆಟ್ಟರೆ ಅದೊಂದನ್ನೇ ಸರಿಮಾಡಬಹುದು. ಸಾವಿರಾರು ರೂಪಾಯಿಯ ಕೀಬೋರ್ಡನ್ನು ಗುಜರಿಗೆ ಹಾಕುವ ಅಗತ್ಯವಿಲ್ಲ. ‘ಸ್ವಿಚ್ ಹೋಯ್ತು’ ಎಂದು ತಂದಿಟ್ಟ ಕೀಬೋರ್ಡ್‌ಗಳಲ್ಲಿ ಹೆಚ್ಚಿನವುಗಳ ಸ್ವಿಚ್ ನಿಜಕ್ಕೂ ಹೋಗಿರುವುದಿಲ್ಲ. ಅದಕ್ಕೇ ಸೋಲ್ಡರಿಂಗ್ ಐರನ್ ಕಡೆಯಲ್ಲಿ ಬರಲಿ.

ಬಿಚ್ಚುವ ಮೊದಲು

ಮೊದಲು ಬೇರೆ ಕೇಬಲ್, ಬೇರೆ ಯುಎಸ್‌ಬಿ ಪೋರ್ಟ್, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಚಾಲೂ ಆಗುತ್ತದೆ. ಆಮೇಲೆ ಚುರುಕಾಗಿ ಒತ್ತಿದ ಅಕ್ಷರಗಳನ್ನು ಕಂಪ್ಯೂಟರ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಇದನ್ನೇ ಕೀಬೋರ್ಡಿನ ದೋಷ ಎಂದುಕೊಂಡವರು ಬಹಳ. ಕನ್ನಡ ಟೈಪ್ ಮಾಡುವವರಿಗೆ ಇನ್ನೊಂದು ಗೊಂದಲವಿದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಚಾಲೂ ಇದ್ದಾಗ ‘ಎಫ್’ ಕೀ ಒತ್ತಕ್ಷರ ಕೂಡಿಸುವ ಕೀ. ಅದೊಂದನ್ನೇ ಒತ್ತುತ್ತಾ ಕೂತರೆ ಅಕ್ಷರ ಮೂಡುವುದಿಲ್ಲ.

ಇಷ್ಟಾದ ಮೇಲೂ ತೊಂದರೆ ಉಳಿದಿದ್ದರೆ ಎಷ್ಟು ಕೀಗಳು ಕೆಟ್ಟಿವೆ ಎಂದು ನೋಡಿ. ಒಂದೇ ಅಕ್ಷರವಾದರೆ ಅನುಮಾನ ಸ್ವಿಚ್ಚಿನ ಮೇಲೆ. ಒಂದು ಇಡೀ ಸಾಲು ಅಥವಾ ಮೇಲಿನಿಂದ ಕೆಳಗೆ ಒಂದು ಕಂಬಸಾಲು ಸತ್ತಿದ್ದರೆ ಸ್ವಿಚ್ಚುಗಳನ್ನು ಮುಟ್ಟಬೇಡಿ. ಅಷ್ಟೂ ಒಟ್ಟಿಗೆ ಕೆಡುವುದಿಲ್ಲ. ಬೋರ್ಡಿನ ಗೆರೆ ತುಂಡಾಗಿರಬೇಕು, ಇಲ್ಲವೇ ಚಿಪ್ಪಿನ ಬೆಸುಗೆ ಬಿಟ್ಟಿರಬೇಕು.

ಸ್ವಿಚ್ಚಿನ ಒಳಗೇನಿದೆ?

ಬಣ್ಣದ ಪ್ಲಾಸ್ಟಿಕ್ ದಂಟು, ಅದರ ಕೆಳಗೆ ಸ್ಪ್ರಿಂಗ್, ಪಕ್ಕದಲ್ಲಿ ಎರಡು ತೆಳು ಲೋಹದ ಪಟ್ಟಿ. ಸಾಮಾನ್ಯ ಕೆಂಪು ಸ್ವಿಚ್ಚಿನಲ್ಲಿ ದಂಟು ಪೂರ್ತಿ ಇಳಿಯುವುದು 4 ಮಿ.ಮೀ. ಅರ್ಧದಾರಿಗೆ, ಅಂದರೆ 2 ಮಿ.ಮೀ.ಗೆ ಬರುವಾಗಲೇ ಪಟ್ಟಿಗಳು ಒಂದಕ್ಕೊಂದು ತಾಗಿ ಅಕ್ಷರ ಮೂಡುತ್ತದೆ. ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚಿನಲ್ಲಿ ಈ ತಾಗುವ ಜಾಗಕ್ಕೆ ಹಾಕಿರುವುದು ಚಿನ್ನದ ಮಿಶ್ರಲೋಹ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ! ಆದರೆ ಚಿನ್ನದ ಗುಡ್ಡದ್ದೇ ದೂಳು ಅದರ ಮೇಲೆ ಕೂತರೆ ಸಂಪರ್ಕ ತಪ್ಪುತ್ತದೆ. ಈ ದೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ, ಬಲು ಗಟ್ಟಿ.

ಲಕ್ಷಣ ನೋಡಿಯೇ ಅರ್ಧ ರೋಗ ಗೊತ್ತಾಗುತ್ತದೆ. ಒಮ್ಮೆ ಒತ್ತಿದರೆ ಎರಡಕ್ಷರ ಬರುತ್ತಿದ್ದರೆ ಪಟ್ಟಿಗಳು ತಾಗುವಾಗ ನಡುಗುತ್ತಿವೆ ಎಂದರ್ಥ. ಕೊಳೆ ಇರಬಹುದು, ಪಟ್ಟಿ ಸವೆದಿರಬಹುದು. ಗಟ್ಟಿಯಾಗಿ ಒತ್ತಿದರೆ ಮಾತ್ರ ಬರುತ್ತದೆಯೇ? ಬಹುತೇಕ ದೂಳು. ಒತ್ತಿದ ಕೀ ಮೇಲೇಳುತ್ತಿಲ್ಲವೇ? ಚಹಾ, ಜ್ಯೂಸ್ ಏನೋ ಚೆಲ್ಲಿದೆ.

ಶುಚಿ ಮಾಡುವುದು

ಕೇಬಲ್ ಕಿತ್ತಿಡಿ. ವೈರ್‌ಲೆಸ್ ಆದರೆ ಪವರ್ ಆಫ್ ಮಾಡಿ. ತಂತಿಯ ಪುಲ್ಲರ್‌ನಿಂದ ಕೀಯ ಮೇಲಿನ ಕ್ಯಾಪನ್ನು ನೆಟ್ಟಗೆ ಮೇಲಕ್ಕೆಳೆಯಿರಿ; ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ದಂಟಿನ ಕೊರಳು ಮುರಿಯುತ್ತದೆ. ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆ ಬ್ರಷ್, ಕೈಯಲ್ಲಿ ಒತ್ತುವ ಬ್ಲೋವರ್ ಬಳಸಿ ದೂಳು ತೆಗೆಯಿರಿ. ಬಾಯಲ್ಲಿ ಊದಿದರೆ ಎಂಜಲು ಬೀಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಡಿಸುವುದಂತೂ ಬೇಡವೇ ಬೇಡ, ಅದರ ಜೊತೆ ನೀರಿನ ಪಸೆ, ಎಣ್ಣೆ ಎರಡೂ ಬರುತ್ತವೆ.

ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿಯವರು ‘ಐಪಿಎ’ ಎನ್ನುತ್ತಾರೆ. ಶೇಕಡಾ 99ರದ್ದೇ ಕೇಳಿ. ಸ್ಯಾನಿಟೈಸರ್ ಅದರ ಬದಲಿಯಲ್ಲ, ಅದರಲ್ಲಿರುವ ಗ್ಲಿಸರಿನ್ ಅಂಟುತ್ತದೆ. ಸೂಜಿಯಿಲ್ಲದ ಸಿರಿಂಜಿನಿಂದ ಒಂದೆರಡು ಹನಿಯನ್ನು ದಂಟಿನ ಬದಿಗೆ ಬಿಟ್ಟು, ದಂಟನ್ನು ಹತ್ತಾರು ಸಲ ಒತ್ತಿ ಬಿಡಿ. ಹತ್ತಿರದಲ್ಲಿ ಒಲೆ, ಊದುಬತ್ತಿ ಇರಬಾರದು. ಒಂದು ಗಂಟೆ ಆರಲು ಬಿಟ್ಟು ಕೇಬಲ್ ಹಾಕಿ ನೋಡಿ. ದೂಳಿನ ಕಾಟವಾಗಿದ್ದರೆ ಬಹಳಷ್ಟು ಸಲ ಇಲ್ಲಿಗೇ ಮುಗಿಯುತ್ತದೆ. ನಮ್ಮೂರಲ್ಲಿ ಎಲ್ಲಕ್ಕೂ ಸುರಿಯುವ ಡಬ್ಲ್ಯೂಡಿ-40 ಇಲ್ಲಿ ಬೇಡ. ಅದರ ಎಣ್ಣೆಗೆ ದೂಳು ಇನ್ನಷ್ಟು ಅಂಟುತ್ತದೆ.

ಕಿತ್ತು ನೋಡುವುದು

ನಿಮ್ಮದು ಬೆಸುಗೆಯಿಲ್ಲದೆ ಸ್ವಿಚ್ ಕಿತ್ತು ಹಾಕಬಹುದಾದ ‘ಹಾಟ್‌ಸ್ವ್ಯಾಪ್’ ಕೀಬೋರ್ಡ್ ಆಗಿದ್ದರೆ ಅದೃಷ್ಟವಂತರು. ಸ್ವಿಚ್ಚಿನ ಮೇಲೂ ಕೆಳಗೂ ಇರುವ ಎರಡು ಕೊಕ್ಕೆಯನ್ನು ಸ್ವಿಚ್ ಪುಲ್ಲರ್‌ನಿಂದ ಒತ್ತಿ ಎಳೆದರೆ ಸ್ವಿಚ್ ಕೈಗೆ ಬರುತ್ತದೆ. ಅಡಿಯ ಪಿನ್ ನೋಡಿ. ಹಾಕುವಾಗ ಓರೆಯಾಗಿ ಒತ್ತಿ ಪಿನ್ ಮಡಚಿಕೊಂಡಿರುವುದು ತೀರಾ ಸಾಮಾನ್ಯ. ಚಿಮುಟದಿಂದ ನೇರ ಮಾಡಿ ಮತ್ತೆ ಕೂರಿಸಿ.

ಪಿನ್ ಸರಿಯಿದ್ದೂ ಅಕ್ಷರ ಬರದಿದ್ದರೆ ಅಪರೂಪಕ್ಕೆ ಬಳಸುವ ‘ಪಾಸ್’ ಕೀಯ ಸ್ವಿಚ್ ತೆಗೆದು ಇಲ್ಲಿಗೆ ಹಾಕಿ. ಈಗ ಅಕ್ಷರ ಬಂದರೆ ತಪ್ಪು ಹಳೆಯ ಸ್ವಿಚ್ಚಿನದೇ. ಆಗಲೂ ಬರದಿದ್ದರೆ ಆ ಸ್ವಿಚ್ಚನ್ನು ಮತ್ತೆ ಕಿತ್ತು, ಕೇಬಲ್ ಹಾಕಿ, ಸಾಕೆಟ್ಟಿನ ಎರಡು ಪಿನ್ ರಂಧ್ರಗಳಿಗೆ ಲೋಹದ ಚಿಮುಟದ ಎರಡು ತುದಿಯನ್ನು ತಾಗಿಸಿ. ವೋಲ್ಟೇಜ್ ತೀರಾ ಕಡಿಮೆ, ಶಾಕ್ ಹೊಡೆಯುವುದಿಲ್ಲ. ಬೇರೆಲ್ಲೂ ತಾಗಿಸದಿದ್ದರೆ ಸಾಕು. ಚಿಮುಟ ತಾಗಿಸಿದರೂ ಅಕ್ಷರ ಬಾರದಿದ್ದರೆ ಸಾಕೆಟ್ ಬೆಸುಗೆ ಬಿಟ್ಟಿದೆ ಅಥವಾ ಆ ಕೀಯ ಪುಟ್ಟ ಡಯೋಡ್ ಹೋಗಿದೆ. ಮುಂದಿನದು ರಿಪೇರಿಯವರ ಕೆಲಸ.

ಸ್ವಿಚ್ಚನ್ನೇ ಬಿಚ್ಚಬೇಕೆಂಬ ಉತ್ಸಾಹ ಇದ್ದರೆ ನಾಲ್ಕು ಮೂಲೆಯ ಕೊಕ್ಕೆ ಸಡಿಲಿಸಿ ಮುಚ್ಚಳ ತೆಗೆಯಬಹುದು. ಚಹಾ ಅಂಟಿದ ದಂಟನ್ನು ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ. ಲೋಹದ ಪಟ್ಟಿಯನ್ನು ಐಪಿಎಯಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಸವರಿದರೆ ಸಾಕು. ಉಪ್ಪುಕಾಗದ, ಬ್ಲೇಡ್ ಹಾಕಿ ಕೆರೆದರೆ ಆ ಚಿನ್ನದ ಅಂಶವೇ ಎದ್ದುಹೋಗುತ್ತದೆ. ನಾಲ್ಕು ದಿನದಲ್ಲಿ ಅದೇ ತೊಂದರೆ. ನಿಜ ಹೇಳಬೇಕೆಂದರೆ, ಹೊಸ ಸ್ವಿಚ್ ಹತ್ತಿಪ್ಪತ್ತು ರೂಪಾಯಿಗೆ ಸಿಗುವಾಗ ಇಷ್ಟು ಒದ್ದಾಟ ಮನಸ್ಸಂತೋಷಕ್ಕೆ ಮಾತ್ರ.

ಸ್ವಿಚ್ ಹಾಟ್‌ಸ್ವ್ಯಾಪ್ ಅಲ್ಲ, ಬೋರ್ಡಿಗೇ ಬೆಸೆದಿದೆ ಎಂದರೆ ಪೂರ್ತಿ ಬಿಚ್ಚಬೇಕು. ಒಂದೆರಡು ಸ್ಕ್ರೂ ರಬ್ಬರ್ ಪಾದದ ಕೆಳಗೋ ಸ್ಟಿಕ್ಕರಿನ ಕೆಳಗೋ ಅಡಗಿರುತ್ತದೆ. ಐರನ್ 350 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಲಿ. ಹಳೆಯ ಬೆಸುಗೆ ಕರಗದೆ ಹಟ ಮಾಡಿದರೆ ಅದರ ಮೇಲೆ ಸ್ವಲ್ಪ ಹೊಸ ಸೋಲ್ಡರ್ ಸೇರಿಸಿ, ಕರಗುತ್ತಿದ್ದಂತೆ ಪಂಪಿನಿಂದ ಎಳೆಯಿರಿ. ಎರಡೂ ಪಿನ್ ಅಲ್ಲಾಡುವವರೆಗೆ ಸ್ವಿಚ್ಚನ್ನು ಎಳೆಯಬೇಡಿ, ಬೋರ್ಡಿನ ತಾಮ್ರದ ಬಳೆ ಕಿತ್ತು ಬರುತ್ತದೆ. ಹಿಂದೆ ಐರನ್ ಹಿಡಿದೇ ಇಲ್ಲದವರು ಬಂಗಾರಪೇಟೆಯಲ್ಲೋ ರಾಬರ್ಟ್‌ಸನ್‌ಪೇಟೆಯಲ್ಲೋ ಗುರುತಿನ ಮೊಬೈಲ್ ರಿಪೇರಿ ಅಂಗಡಿಗೆ ಕೊಡುವುದು ಮೇಲು. ಎರಡು ಪಿನ್ ಬಿಚ್ಚಿ ಬೆಸೆಯುವುದು ಅವರಿಗೆ ಐದು ನಿಮಿಷದ ಕೆಲಸ.

ಎರಡಕ್ಷರದ ಕಾಟಕ್ಕೆ ತಂತ್ರಾಂಶದ ಮದ್ದೂ ಇದೆ. ಕ್ಯೂಎಂಕೆ ಫರ್ಮ್‌ವೇರ್ ಇರುವ ಕೀಬೋರ್ಡಿನಲ್ಲಿ ‘ಡಿಬೌನ್ಸ್’ ಸಮಯ, ಅಂದರೆ ಪಟ್ಟಿಯ ನಡುಕ ನಿಲ್ಲಲು ಕಾಯುವ ಸಮಯ, ಸಾಮಾನ್ಯವಾಗಿ 5 ಮಿಲಿಸೆಕೆಂಡ್. ಅದನ್ನು 10ಕ್ಕೆ ಏರಿಸಿದರೆ ನಡುಕ ಅಡಗಿ ಸ್ವಿಚ್ ಇನ್ನಷ್ಟು ಕಾಲ ದುಡಿಯುತ್ತದೆ.

ಹೊಸ ಸ್ವಿಚ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಕಣ್ಣಾರೆ ನೋಡಿ ಕೊಳ್ಳುವವರಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆ. ಬಂಗಾರಪೇಟೆಯಿಂದ ರೈಲಿನಲ್ಲಿ ಸುಮಾರು 70 ಕಿ.ಮೀ. ಕೊಳ್ಳುವಾಗ ಮೂರು ಪಿನ್ನಿನದೋ ಐದು ಪಿನ್ನಿನದೋ ನೋಡಿಕೊಳ್ಳಿ. ಐದರದ್ದನ್ನು ಮೂರರ ಬೋರ್ಡಿಗೆ ಹಾಕಲು ಹೆಚ್ಚುವರಿ ಎರಡು ಪ್ಲಾಸ್ಟಿಕ್ ಕಾಲನ್ನು ಕತ್ತರಿಸಿದರಾಯಿತು. ಆದರೆ ಕೆಲವು ಅಗ್ಗದ ಕೀಬೋರ್ಡ್‌ಗಳ ಸಾಕೆಟ್ಟಿಗೆ ಒಟೆಮು ಕಂಪನಿಯ ತೆಳು ಪಿನ್ ಮಾತ್ರ ಹಿಡಿಸುತ್ತದೆ, ದಪ್ಪ ಪಿನ್ ತುರುಕಿದರೆ ಸಾಕೆಟ್ಟೇ ಹಾಳು. ಹಾಗಾಗಿ ಕೆಟ್ಟ ಸ್ವಿಚ್ಚನ್ನು ಜೇಬಿನಲ್ಲಿಟ್ಟುಕೊಂಡೇ ರೈಲು ಹತ್ತಿ, ಅಂಗಡಿಯಲ್ಲಿ ಪಿನ್ನಿಗೆ ಪಿನ್ ಹೋಲಿಸಿ ನೋಡಿ, ಒಂದರ ಬದಲು ನಾಲ್ಕೈದು ತನ್ನಿ.