ಸಾಸಿವೆಯ ಎರಡು ಗುಣ



ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಒಕ್ಕಲಿಗೆ ಅಕ್ಕಡಿ ಸಾಲು ಹೊಸದಲ್ಲ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಹರಳುಗಳನ್ನು ಬಿತ್ತುವದು ನಮ್ಮ ಹಿರಿಯರ ಪದ್ಧತಿ. ಅವರೆ ತೊಗರಿಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸತ್ವ ಕೊಡುವವು. ಸಾಸಿವೆ ಹುಚ್ಚೆಳ್ಳುಗಳ ಹೂವಿಗೆ ಜೇನ್ನೊಣಗಳೂ, ಬೆಳೆಯ ಹುಳುಗಳನ್ನು ಕೊಲ್ಲುವ ಕೀಟಗಳೂ ಬರುವವು. ಎಲೆ ತಿನ್ನುವ ಕೆಲವು ಹುಳುಗಳು ಹರಳಿನ ಎಲೆಯನ್ನೇ ಮುಂಚೆ ಮುತ್ತುವದರಿಂದ ಅವುಗಳನ್ನು ಅಲ್ಲಿಯೇ ಆರಿಸಿ ನಾಶಮಾಡಬಹುದು. ಹೀಗೆ ಸಾಸಿವೆಯ ಮೊದಲನೆಯ ಗುಣವು ಬೆಳೆ ಕಾಯುವದು.

ಎರಡನೆಯ ಗುಣವನ್ನು ಅರಿಯದಿದ್ದರೆ ಹಾನಿಯುಂಟು. ಮಣ್ಣಿನಲ್ಲಿ ಕ್ಯಾಡ್ಮಿಯಂ, ಸೀಸ ಮೊದಲಾದ ವಿಷಲೋಹಗಳಿದ್ದರೆ ಸಾಸಿವೆಯು ಅವುಗಳನ್ನು ಬೇರಿನಿಂದ ಹೀರಿ ತನ್ನ ಮೈಯಲ್ಲಿ ಕೂಡಿಡುವದು. ಸೂರ್ಯಕಾಂತಿಗೂ ಇಂಥ ಶಕ್ತಿಯುಂಟು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರವು ಸಿಡಿದು ಆ ಪ್ರದೇಶದ ನೀರು ಕೆಟ್ಟ ಮೇಲೆ, ಅಲ್ಲಿಯ ಕೊಳವೊಂದರಲ್ಲಿ ತೆಪ್ಪಗಳ ಮೇಲೆ ಸೂರ್ಯಕಾಂತಿಯನ್ನು ಬೆಳೆಸಿ ವಿಷವನ್ನು ಹೀರಿಸಿ ನೋಡಿದರು.

ಇದು ದೂರದ ಮಾತಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟುವ ವೃಷಭಾವತಿಯು ನಗರದ ಕೊಳಚೆಯನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತು, ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ಇಳಿದು, ಮುಂದೆ ಕನಕಪುರದ ಕಡೆ ಅರ್ಕಾವತಿಯನ್ನು ಕೂಡುವದು. ಆ ನೀರು ಹಾಯ್ದ ಮಣ್ಣಿನಲ್ಲಿಯೂ ತರಕಾರಿಯಲ್ಲಿಯೂ ವಿಷಲೋಹಗಳು ಕಂಡುಬಂದಿವೆ. ಅಲ್ಲಿ ಭತ್ತವನ್ನು ಬಿಟ್ಟು ಮೇವಿನ ಹುಲ್ಲನ್ನು ಬೆಳೆದವರು ಅನೇಕರು. ಹುಲ್ಲು ಹೀರಿದ್ದು ಹಸುವಿನ ಹೊಟ್ಟೆಗೂ, ಹಾಲಿನೊಡನೆ ಮಗುವಿನ ಬಟ್ಟಲಿಗೂ ಬರಬಹುದಷ್ಟೆ.

ಆದಕಾರಣ ನಾವು ತಿಳಿಯತಕ್ಕದ್ದೇನಂದರೆ, ಗಿಡವು ವಿಷಲೋಹವನ್ನು ನಾಶಮಾಡುವದಿಲ್ಲ. ಮಣ್ಣಿನಿಂದ ತೆಗೆದು ತಾನೇ ಹೊರುವದು. ಮಣ್ಣಿನ ಶುದ್ಧಿಗಾಗಿ ಬೆಳೆದ ಸಾಸಿವೆಯನ್ನು ಪಲ್ಯಕ್ಕಾಗಲಿ, ದನಕ್ಕಾಗಲಿ, ತಿಪ್ಪೆಗಾಗಲಿ, ಒಲೆಗಾಗಲಿ ಹಾಕಬಾರದು. ಒಂದು ಬೆಳೆಯಿಂದ ಹೊಲವು ಶುದ್ಧವಾಗದು. ಅನೇಕ ವರ್ಷಗಳು ಬೇಕು. ಹೊಲಸು ನೀರು ಬರುತ್ತಲೇ ಇದ್ದರೆ ಆ ದುಡಿಮೆಯು ತೂತು ಕೊಡಕ್ಕೆ ನೀರು ಹೊಯ್ದಂತೆ. ಬದುವಿಗೆ ಲಾವಂಚವು ಒಳ್ಳೆಯದು. ಅದರ ಬೇರು 10 ಅಡಿಯವರೆಗೂ ಇಳಿದು, ಲೋಹವನ್ನು ಹೆಚ್ಚಾಗಿ ಬೇರಿನಲ್ಲಿಯೇ ಹಿಡಿದಿಡುವದು. ಸಂಶಯವಿದ್ದವರು ಮಣ್ಣಿನ ಪರೀಕ್ಷೆಯ ವಿಷಯವನ್ನು ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಲಿ.

ಶುದ್ಧವಾದ ಹೊಲಕ್ಕೆ ಹುಳು ಬಿದ್ದರೆ, 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯೆಲ್ಲಾ ನೆನೆಯಿಟ್ಟು, ಸೋಸಿ, ನೀರು ಬೆರಸಿ 100 ಲೀಟರು ಮಾಡಿ, ತುಸು ಸಾಬೂನು ಕೂಡಿಸಿ ಸಿಂಪಡಿಸಬಹುದು. ರೇಷ್ಮೆ ಸಾಕುವವರು ಎಚ್ಚರವಾಗಿರಬೇಕು: ಬೇವು ಸಿಂಪಡಿಸಿದ ಸೊಪ್ಪನ್ನು ಕೂಡಲೇ ಹುಳುವಿಗೆ ಹಾಕಿದರೆ ಅದಕ್ಕೂ ಕೇಡೇ.

ವಿಚಾರಿಸತಕ್ಕ ಪ್ರಶ್ನೆಗಳು:
1. ನಮ್ಮ ಹೊಲಕ್ಕೆ ಹಾಯುವ ನೀರು ಎಲ್ಲಿಂದ ಬರುತ್ತದೆ?
2. ಒಂದೇ ಸಾಸಿವೆಯು ಒಂದು ಹೊಲದಲ್ಲಿ ಊಟಕ್ಕೆ ಯೋಗ್ಯವಾಗಿ, ಇನ್ನೊಂದರಲ್ಲಿ ಅಯೋಗ್ಯವಾಗುವದೇಕೆ?
3. ನಾವು ತಿನ್ನಲಾರದ ಸೊಪ್ಪನ್ನು ಮಾರುವದು ಸರಿಯೋ?