ಎಂಟು ವಾಲ್ವ್, ನಾಲ್ಕು ಅಂಗಡಿ

ಬೆಂಗಳೂರಿನ ಬನಶಂಕರಿ ಸಿಗ್ನಲ್‌ನಲ್ಲಿ ಮೂರು ನಿಮಿಷ ನಿಂತು ಗಾಡಿ ಮುಂದಕ್ಕೆ ತೆಗೆದ ಕೂಡಲೇ, ಹಿಂದಿದ್ದ ಸ್ಕೂಟರಿನವರು ಪಕ್ಕಕ್ಕೆ ಬಂದು ಹೇಳಿದರು: “ಸಾರ್, ನಿಮ್ಮ ಜಿಪ್ಸಿ ನೀಲಿ ಹೊಗೆ ಬಿಡ್ತಿದೆ, ನೋಡ್ಕೊಳ್ಳಿ.” ಎಂಜಿನ್ನಿನ ಹೆಡ್ ಬಿಚ್ಚಿ ಕೆಲಸ ಮಾಡಿಸಿ ಆಗಿನ್ನೂ ಐದು ತಿಂಗಳು ತುಂಬಿರಲಿಲ್ಲ. ಓಡಿದ್ದು 4,200 ಕಿಲೋಮೀಟರ್. ಅಷ್ಟರಲ್ಲೇ ಮೂರು ಸಲ ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಸೆಟ್ ಮಾಡಿಸಿದ್ದೆ. ಪ್ರತಿ ಸಲವೂ ಒಂದು ವಾರ ಎಂಜಿನ್ ಸುಮ್ಮನಿರುತ್ತಿತ್ತು, ಆಮೇಲೆ ಜೆ.ಪಿ. ನಗರದ ನಮ್ಮ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಮತ್ತೆ ಅದೇ ಟಿಕ್ ಟಿಕ್ ಟಿಕ್.

ನನ್ನದು 1998ರ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಗಾಡಿ, ಕೆಎ-05 ನಂಬರು. ಮಾರುತಿ 1985ರಲ್ಲಿ ಜಿಪ್ಸಿಯನ್ನು ತಂದಾಗ ಅದಕ್ಕಿದ್ದದ್ದು 970 ಸಿಸಿ ಎಂಜಿನ್. ಕಿಂಗ್‌ಗೆ 1298 ಸಿಸಿ. ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಹೆಡ್ಡಿನೊಳಗೆ ಒಂದೇ ಕ್ಯಾಮ್‌ಶಾಫ್ಟ್. ಕ್ಯಾಮಿನ ಉಬ್ಬು ರಾಕರಿನ ಒಂದು ತುದಿಯನ್ನು ಎತ್ತುತ್ತದೆ, ಇನ್ನೊಂದು ತುದಿಯಲ್ಲಿರುವ ಸ್ಕ್ರೂ ವಾಲ್ವಿನ ತಲೆಯನ್ನು ಒತ್ತುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಮುಚ್ಚುತ್ತದೆ. ಇಷ್ಟೇ ಸರಳ. ಈ ಸರಳತೆಯೇ ನನಗೆ ಧೈರ್ಯ ಕೊಟ್ಟಿತು. ಯಾವ ಪಾರ್ಟ್ ಎಲ್ಲಿಂದ ಬಂದರೇನು, ಕೂತರೆ ಸಾಕು ಅಂದುಕೊಂಡೆ.

ಸಕಲೇಶಪುರದ ಕಡೆ ನಮ್ಮ ತೋಟವಿದೆ. ಕೊನೆಯ ಎರಡು ಕಿಲೋಮೀಟರ್ ಕಲ್ಲು ದಾರಿ, ಕಡಿದಾದ ಏರು. 1.4 ಲಕ್ಷ ಕಿಲೋಮೀಟರ್ ಓಡಿದ್ದ ಎಂಜಿನ್ನಿನಲ್ಲಿ ಪಿಕಪ್ ಬಿದ್ದಿತ್ತು, ಕಂಪ್ರೆಷನ್ ಕಡಿಮೆಯಾಗಿತ್ತು. ಹೆಡ್ ಬಿಚ್ಚಲೇಬೇಕು ಅಂತಾದಾಗ, ಬಿಚ್ಚಿದ ಮೇಲೆ ಸ್ವಲ್ಪ ಶಕ್ತಿಯನ್ನೂ ಕೂಡಿಸೋಣ ಎಂಬ ಆಸೆ ಹುಟ್ಟಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಲ್ಲಿ ಜಿಪ್ಸಿಗಳು ಧೂಳೆಬ್ಬಿಸಿ ಓಡುವುದನ್ನು ಕಂಡವರಿಗೆ ಈ ಆಸೆ ಅರ್ಥವಾಗುತ್ತದೆ.

ಸಾಮಾನು ನಾಲ್ಕು ಕಡೆಯಿಂದ ಬಂತು. ಹಳೆಯ ಕ್ಯಾಮನ್ನೇ ಒಂದು ವರ್ಕ್‌ಶಾಪಿಗೆ ಕೊಟ್ಟು ಹೆಚ್ಚು ಲಿಫ್ಟ್ ಬರುವಂತೆ, ಅಂದರೆ ವಾಲ್ವ್ ಇನ್ನಷ್ಟು ತೆರೆಯುವಂತೆ, ಗ್ರೈಂಡ್ ಮಾಡಿಸಿದೆ. ನಮ್ಮ ಜಿಪ್ಸಿಯ ಅಣ್ಣತಮ್ಮನಂಥ ಗಾಡಿ ಅಮೆರಿಕದಲ್ಲಿ ಸುಜುಕಿ ಸಮುರಾಯ್ ಎಂಬ ಹೆಸರಿನಲ್ಲಿ ಮಾರಾಟವಾಗಿತ್ತು. ಅದಕ್ಕೆಂದು ತಯಾರಾದ ಬಿಗಿ ವಾಲ್ವ್ ಸ್ಪ್ರಿಂಗುಗಳನ್ನು ಅಕ್ಕನ ಮಗ ತಂದುಕೊಟ್ಟ. ವಾಲ್ವು, ಆಯಿಲ್ ಸೀಲು ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ವಾಲ್ವ್ ಕೂರುವ ಸೀಟಿನ ಕಟಿಂಗ್ ಮತ್ತು ವಾಲ್ವ್ ಜಾರುವ ಗೈಡಿನ ಕೆಲಸಕ್ಕೆ ಒಂದು ಹೆಡ್ ಶಾಪ್. ರಾಕರು, ಸ್ಪ್ರಿಂಗ್ ಮೇಲಿನ ಕಪ್ಪು, ಲಾಕು ಮಾತ್ರ ಗಾಡಿಯ ಜೊತೆ ಬಂದ ಹಳೆಯವೇ. “ರಾಕರ್ ಚೆನ್ನಾಗೇ ಇದೆ ಸಾರ್, ಸುಮ್ನೆ ಯಾಕೆ ದುಡ್ಡು” ಅಂದರು ಗ್ಯಾರೇಜಿನವರು. ನಾನೂ ಒಪ್ಪಿದೆ. ಒಟ್ಟು ಖರ್ಚು 31,000 ರೂಪಾಯಿ.

ಮೊದಲ ವಾರ ಗಾಡಿ ಹಾರಿತು ಎಂದೇ ಹೇಳಬೇಕು. ತೋಟದ ಏರನ್ನು ಎರಡನೇ ಗೇರಿನಲ್ಲೇ ಹತ್ತಿದೆ.

ಹೊಗೆಯ ಮಾತು ಕೇಳಿದ ಮೇಲೆ ಗ್ಯಾರೇಜ್ ಬದಲಿಸಿದೆ. ಜೆ.ಪಿ. ನಗರ ಮೂರನೇ ಹಂತದ ಸಾರಕ್ಕಿ ಇಂಡಸ್ಟ್ರಿಯಲ್ ಲೇಔಟ್‌ನಲ್ಲಿ ಹೆಡ್ ಕೆಲಸವನ್ನಷ್ಟೇ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು ಸಾಬ್ರು ಅನ್ನುತ್ತಾರೆ. ಅವರು ಬಾನೆಟ್ ಎತ್ತಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ವಾಲ್ವ್ ಕವರಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ ಕೇಳಿದರು. “ಮೂರನೇದು. ಇನ್‌ಲೆಟ್ಟು,” ಎಂದು ಹೇಳಿ ಆಯಿಲ್ ಫಿಲ್ಟರ್ ಬಿಚ್ಚಿಸಿ ಕತ್ತರಿಸಿದರು. ಒಳಗಿನ ಕಾಗದದ ಮಡಿಕೆಗಳ ನಡುವೆ ಬೂದು ಬಣ್ಣದ ಕಬ್ಬಿಣದ ಪುಡಿ. ಕವರ್ ತೆಗೆದಾಗ ಮೂರನೇ ಸಿಲಿಂಡರಿನ ಇನ್‌ಲೆಟ್ ಕ್ಯಾಮಿನ ಮೂಗು, ಅಂದರೆ ಉಬ್ಬಿನ ತುದಿ, ಸವೆದು ಮೊಂಡಾಗಿತ್ತು. ಅದರ ಮೇಲೆ ಉಜ್ಜುವ ರಾಕರಿನ ಮೈಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರು.

ಅವರು ಕೇಳಿದ ಪ್ರಶ್ನೆ ಇದು: “ಸಾರ್, ಸ್ಪ್ರಿಂಗ್ ಹೈಟು ಎಷ್ಟಿಟ್ಟಿದ್ರು? ಬರ್ಕೊಂಡಿದೀರಾ?”

ಯಾರೂ ಬರೆದಿರಲಿಲ್ಲ, ಯಾಕೆಂದರೆ ಯಾರೂ ಅಳೆದಿರಲಿಲ್ಲ.

ಆ ಮಧ್ಯಾಹ್ನ ಅವರ ಬೆಂಚಿನ ಮುಂದೆ ಕೂತು ಕಲಿತದ್ದನ್ನು ನಿಧಾನವಾಗಿಯೇ ಹೇಳುತ್ತೇನೆ. ಕ್ಯಾಮಿನ ಲಿಫ್ಟ್ ಹೆಚ್ಚಿಸಬೇಕೆಂದರೆ ಹಳೆಯ ಕ್ಯಾಮಿನ ಮೂಗಿಗೆ ಸಾಮಾನ್ಯವಾಗಿ ಲೋಹ ಸೇರಿಸುವುದಿಲ್ಲ, ಉಬ್ಬಿಲ್ಲದ ದುಂಡು ಬೆನ್ನನ್ನು ಕೆತ್ತುತ್ತಾರೆ. ಬೆನ್ನು ತಗ್ಗಿದಷ್ಟೂ ಮೂಗು ಎತ್ತರವಾಗಿ ಕಾಣುತ್ತದೆ. ನನ್ನ ಕ್ಯಾಮಿನ ಬೆನ್ನು ತ್ರಿಜ್ಯದಲ್ಲಿ ಸುಮಾರು 0.9 ಮಿ.ಮೀ. ತಗ್ಗಿತ್ತು. ಆಗ ರಾಕರಿನ ಕ್ಯಾಮ್ ಕಡೆಯ ತುದಿ ಕೆಳಗಿಳಿಯುತ್ತದೆ, ವಾಲ್ವ್ ಕಡೆಯದು ಮೇಲೇಳುತ್ತದೆ. ಹುಟ್ಟಿದ ಸಂದನ್ನು ಮುಚ್ಚಲು ಸ್ಕ್ರೂವನ್ನು ಕೆಳಕ್ಕೆ ತಿರುಗಿಸುತ್ತಾ ಹೋಗಬೇಕು. ನನ್ನ ಇನ್‌ಲೆಟ್ ಸ್ಕ್ರೂಗಳು ಎಷ್ಟು ಇಳಿದಿದ್ದವೆಂದರೆ ಲಾಕ್‌ನಟ್ಟಿನ ಮೇಲೆ ದಾರವೇ ಉಳಿದಿರಲಿಲ್ಲ. ಓರೆಯಾದ ರಾಕರಿನ ಸ್ಕ್ರೂ ವಾಲ್ವಿನ ತಲೆಯ ನಡುವೆ ಒತ್ತದೆ ಅಂಚಿನಲ್ಲಿ ಒತ್ತುತ್ತದೆ. ಆಗ ವಾಲ್ವ್ ನೇರ ಇಳಿಯುವುದರ ಜೊತೆಗೆ ಪಕ್ಕಕ್ಕೂ ವಾಲುತ್ತದೆ, ಗೈಡ್ ಒಂದೇ ಬದಿಯಲ್ಲಿ ಸವೆಯುತ್ತದೆ. ಸಿಗ್ನಲ್‌ನಲ್ಲಿ ಐಡ್ಲಿಂಗ್ ಇದ್ದಾಗ ಇನ್‌ಲೆಟ್ ಕಡೆ ಎಳೆತ ಬಲವಾಗಿರುತ್ತದೆ. ಸವೆದ ಗೈಡಿನ ಸಂದಿನಿಂದ ಆಯಿಲ್ ಒಳಗೆ ಹೋಗಿ, ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆಯಾಗಿ ಬರುತ್ತದೆ. ಬನಶಂಕರಿಯಲ್ಲಿ ಆ ಸ್ಕೂಟರಿನವರು ಕಂಡದ್ದು ಇದೇ.

ಇಷ್ಟಾದರೂ ಟ್ಯಾಪೆಟ್ ಸೆಟ್ ಮಾಡುವಾಗ ಫೀಲರ್ ಗೇಜ್ ಸ್ಕ್ರೂವಿಗೂ ವಾಲ್ವಿಗೂ ನಡುವಿನ ಸಂದನ್ನು ಪ್ರತಿ ಸಲವೂ ಸರಿಯಾಗಿಯೇ ತೋರಿಸುತ್ತಿತ್ತು. ಎಂಜಿನ್ ತಣ್ಣಗಿರುವಾಗ ಇನ್‌ಲೆಟ್‌ಗೆ 0.15 ಮಿ.ಮೀ. ಆಸುಪಾಸು, ಎಕ್ಸಾಸ್ಟಿಗೆ ಕೂದಲೆಳೆ ಹೆಚ್ಚು. ಸ್ಕ್ರೂ ಇರುವ ತನಕ ಯಾವ ಓರೆಯನ್ನಾದರೂ ಆ ಅಳತೆಗೆ ತಂದು ನಿಲ್ಲಿಸಬಹುದು. ಸಂದು ಸರಿಯಿದೆ ಎಂದು ಗೇಜ್ ಹೇಳುತ್ತದೆಯೇ ಹೊರತು ರಾಕರ್ ನೇರ ನಿಂತಿದೆ ಎಂದು ಹೇಳುವುದಿಲ್ಲ. ಮೂರು ಸಲ ಗೇಜನ್ನು ನಂಬಿ ನಾನು ಮೂರು ತಿಂಗಳು ಕಳೆದುಕೊಂಡೆ.

ಇನ್ನು ಸ್ಪ್ರಿಂಗು. ಅದರ ಡಬ್ಬಿಯಲ್ಲಿದ್ದ ಚೀಟಿಯಲ್ಲಿ ಸ್ಪ್ರಿಂಗ್ ಕೂರಬೇಕಾದ ಎತ್ತರ ಬರೆದಿತ್ತು. ಆದರೆ ಆ ಲೆಕ್ಕ ಅದೇ ತಯಾರಕರ ಕಪ್ಪಿನೊಂದಿಗೆ ಮಾತ್ರ. ನಮ್ಮ ಹಳೆಯ ಕಪ್ಪಿನ ಒಳಮೆಟ್ಟಿಲು ಆಳವಾಗಿದ್ದರಿಂದ ಸ್ಪ್ರಿಂಗ್ ಮೊದಲೇ ಹೆಚ್ಚು ಅದುಮಿಕೊಂಡು ಕೂತಿತ್ತು. ಅದರ ಮೇಲೆ ಹೆಚ್ಚಿನ ಲಿಫ್ಟ್. ವಾಲ್ವ್ ಪೂರ್ತಿ ತೆರೆದಾಗ ಮೂರನೇ ಇನ್‌ಲೆಟ್ಟಿನ ಸ್ಪ್ರಿಂಗ್ ಸುರುಳಿಗಳ ನಡುವೆ ಉಳಿದ ಜಾಗವನ್ನೆಲ್ಲ ಕೂಡಿಸಿದರೂ 0.4 ಮಿ.ಮೀ. ಮಾತ್ರ. ಕಡಿಮೆಯೆಂದರೂ ಒಂದೂವರೆ ಮಿ.ಮೀ. ಬಿಡುವುದು ಈ ಕೆಲಸದವರ ರೂಢಿ. ಸುರುಳಿಗೆ ಸುರುಳಿ ತಾಗಿದರೆ ಅದು ಸ್ಪ್ರಿಂಗ್ ಅಲ್ಲ, ಕಬ್ಬಿಣದ ಗಟ್ಟಿ ತುಂಡು. ಹೊಡೆತವೆಲ್ಲ ಕ್ಯಾಮಿನ ಮೂಗಿಗೆ. ಸೀಟ್ ಕಟಿಂಗ್ ಎಂಟೂ ಕಡೆ ಒಂದೇ ಆಳಕ್ಕೆ ಆಗಿರಲಿಲ್ಲ, ಹಾಗಾಗಿ ಎಂಟು ಸ್ಪ್ರಿಂಗುಗಳ ಎತ್ತರದಲ್ಲಿ 1.3 ಮಿ.ಮೀ. ವರೆಗೆ ವ್ಯತ್ಯಾಸವಿತ್ತು. ಸಾಬ್ರು ಆ ಸ್ಪ್ರಿಂಗನ್ನು ಟೆಸ್ಟರಿನ ಮೇಲಿಟ್ಟು ಒತ್ತಿ ತೋರಿಸಿದರು. ಒಂದು ಮಿ.ಮೀ. ಒತ್ತಿದರೆ ಸುಮಾರು ನಾಲ್ಕು ಕೆ.ಜಿ. ಭಾರ ಏರುತ್ತಿತ್ತು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅವರ ಇನ್ನೊಂದು ಮಾತು. “ಈ ಸ್ಪ್ರಿಂಗು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗಲ್ಲ ಸಾರ್.” ಎಂಜಿನ್ 6,000 ಆರ್‌ಪಿಎಂನಲ್ಲಿ ಓಡುವಾಗ ಪ್ರತಿ ವಾಲ್ವ್ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಅಷ್ಟು ವೇಗದಲ್ಲಿ ಕ್ಯಾಮ್ ಬಿಟ್ಟು ಹಾರಲು ನೋಡುವ ರಾಕರು, ವಾಲ್ವುಗಳನ್ನು ತಿರುಗಿಸಿ ತರುವುದರಲ್ಲೇ ಸ್ಪ್ರಿಂಗಿನ ಬಲದ ದೊಡ್ಡ ಪಾಲು ಖರ್ಚಾಗಿ, ಮೂಗಿನ ಮೇಲೆ ಉಳಿಯುವ ಒತ್ತಡ ಕಡಿಮೆಯಾಗುತ್ತದೆ. ಬಿಗಿ ಸ್ಪ್ರಿಂಗ್ ಇರುವುದೇ ಆ ವೇಗಕ್ಕೆ. 800 ಆರ್‌ಪಿಎಂ ಐಡ್ಲಿಂಗಿನಲ್ಲಿ ವಾಲ್ವ್ ತೆರೆಯುವುದು ಸೆಕೆಂಡಿಗೆ ಏಳು ಸಲವೂ ಅಲ್ಲ. ಆಗ ಸ್ಪ್ರಿಂಗಿನ ಭಾರವೆಲ್ಲ ನೇರ ಮೂಗಿನ ಮೇಲೆ. ಜೊತೆಗೆ ಬಿಸಿಯಾಗಿ ತೆಳುವಾದ ಆಯಿಲ್, ಕಡಿಮೆ ಆಯಿಲ್ ಒತ್ತಡ, ನಿಧಾನದ ತಿರುಗುವಿಕೆಗೆ ಆಯಿಲಿನ ಪದರವೂ ತೆಳು. ಬಿ.ಟಿ.ಎಂ. ಲೇಔಟಿನಿಂದ ಸಿಲ್ಕ್ ಬೋರ್ಡಿಗೆ ಸಂಜೆ ಹೋಗುವವರಿಗೆ ಗೊತ್ತು, ಎಂಜಿನ್ ಮುಕ್ಕಾಲು ಗಂಟೆ ಇದೇ ಸ್ಥಿತಿಯಲ್ಲಿರುತ್ತದೆ. ನಾನು ವರ್ಷಕ್ಕೆ ಐದಾರು ಸಲ ತೋಟದ ಏರು ಹತ್ತುತ್ತೇನೆ. ಉಳಿದ ದಿನವೆಲ್ಲ ಜಯನಗರ, ಬನ್ನೇರುಘಟ್ಟ ರಸ್ತೆ, ಸಿಲ್ಕ್ ಬೋರ್ಡ್. ರ್‍ಯಾಲಿ ಎಂಜಿನ್ನನ್ನು ಅದರ ತಂಡದವರು ಮತ್ತೆ ಮತ್ತೆ ಬಿಚ್ಚಿ ನೋಡುತ್ತಾರೆ. ನನಗೆ ಬೇಕಿದ್ದದ್ದು ಲಕ್ಷ ಕಿಲೋಮೀಟರ್ ಮುಟ್ಟದೆ ಓಡುವ ಎಂಜಿನ್.

ರಾಕರಿನ ವಿಷಯ ಬೇಗ ಹೇಳಿ ಮುಗಿಸಬಹುದು. ಹಳೆಯ ರಾಕರ್ ತಾನು ಉಜ್ಜಿದ ಕ್ಯಾಮಿನ ಮೈಗೆ ಹೊಂದಿಕೊಂಡು ಸವೆದಿರುತ್ತದೆ. ಹೊಸದಾಗಿ ಗ್ರೈಂಡ್ ಆದ ಮೈಗೆ ಅದನ್ನು ಕೂಡಿಸಿದರೆ ಎರಡೂ ಹಾಳು. ನನ್ನವನ್ನಂತೂ ಬಿಚ್ಚಿದ ಕ್ರಮದಲ್ಲೂ ಹಾಕಿರಲಿಲ್ಲ. ಈಗಿನ ಆಯಿಲುಗಳಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ ಉಳಿಯಲೆಂದು, ಉಜ್ಜುವ ಮೈಗಳನ್ನು ಕಾಪಾಡುವ ಸತು ಮತ್ತು ರಂಜಕದ ಅಂಶವನ್ನೂ ಕಡಿಮೆ ಮಾಡಿದ್ದಾರೆ. ಹಳೆಯ ಮಾದರಿಯ ಎಂಜಿನ್ನಿಗೆ ಆಯಿಲ್ ಆರಿಸುವಾಗ ಡಬ್ಬಿಯ ಹಿಂಬದಿ ಓದಲೇಬೇಕು.

ಇದನ್ನು ಓದಿ “ಕಂಪನಿ ಪಾರ್ಟ್ ಬಿಟ್ಟು ಬೇರೆ ಹಾಕಬಾರದು” ಅಂತ ಯಾರೂ ತಿಳಿಯಬಾರದು. ನಾನು ಹಾಗೆ ಹೇಳುತ್ತಿಲ್ಲ. ವಾಲ್ವು, ಸ್ಪ್ರಿಂಗು ಮಾಡುವ ಕೈ ನಮ್ಮಲ್ಲೇ ಇದೆ: ತುಮಕೂರಿನಲ್ಲಿ ರಾಣೆಯವರ ಎಂಜಿನ್ ವಾಲ್ವ್ ಕಾರ್ಖಾನೆಯಿದೆ, ಹೊಸೂರು ರಸ್ತೆಯ ಸ್ಟಂಪ್, ಶೂಲೆ ಅಂಡ್ ಸೋಮಪ್ಪದವರು ಸ್ಪ್ರಿಂಗಿಗೆ ಹೆಸರಾದವರು. ಜೆ.ಸಿ. ರಸ್ತೆಯಲ್ಲಿ ಕೊಂಡ ನನ್ನ ಎಂಟು ವಾಲ್ವುಗಳಲ್ಲಿ ಒಂದೂ ಕೆಟ್ಟಿರಲಿಲ್ಲ, ಈಗಲೂ ಅವೇ ಇವೆ. ಅಮೆರಿಕದ ಸ್ಪ್ರಿಂಗ್ ತನ್ನ ಕಪ್ಪಿನೊಂದಿಗೆ ಒಳ್ಳೆಯದೇ. ಸುಜುಕಿಯ ರಾಕರ್ ತನ್ನ ಕ್ಯಾಮಿನೊಂದಿಗೆ 1.4 ಲಕ್ಷ ಕಿಲೋಮೀಟರ್ ಓಡಿತ್ತು. ಒಂದೊಂದು ಪಾರ್ಟೂ ಚೆನ್ನಾಗಿತ್ತು. ಒಂದು ಇನ್ನೊಂದನ್ನು ಮುಟ್ಟುವ ಜಾಗದಲ್ಲಿ ಕೆಟ್ಟಿತು. ಕ್ಯಾಮಿನವರು ಕ್ಯಾಮ್ ನೋಡಿದರು, ಹೆಡ್ಡಿನವರು ಸೀಟ್ ನೋಡಿದರು, ಅಂಗಡಿಯವರು ಕೇಳಿದ್ದು ಕೊಟ್ಟರು. ಅವೆಲ್ಲ ಸೇರುವ ಜಾಗವನ್ನು ಅಳೆಯಿರಿ ಎಂದು ಹೇಳುವ ಹೊಣೆ ನನ್ನದಾಗಿತ್ತು. ನಾನು ಹೇಳಲಿಲ್ಲ.

ಎರಡನೇ ಸಲ ಹೊಸ ಕಂಪನಿ ಕ್ಯಾಮ್, ಕಂಪನಿ ಸ್ಪ್ರಿಂಗು, ಎಂಟೂ ಹೊಸ ರಾಕರು, ರಾಕರ್ ಶಾಫ್ಟು, ಗೈಡು ಹಾಕಿಸಿದೆ. ಸೀಟುಗಳ ಆಳ ಸಮ ಮಾಡಿಸಿ, ಉಳಿದ ವ್ಯತ್ಯಾಸಕ್ಕೆ ಸ್ಪ್ರಿಂಗ್ ಕೆಳಗೆ ತೆಳು ವಾಷರ್ ಕೊಟ್ಟರು. 46,000 ರೂಪಾಯಿ ಆಯಿತು. ಮರುವರ್ಷ ಬಿ.ಟಿ.ಎಂ.ನ ಗೆಳೆಯರೊಬ್ಬರು ತಮ್ಮ ಜಿಪ್ಸಿಗೆ ಹೊರಗಿನ ಕ್ಯಾಮನ್ನೇ ಹಾಕಿಸಿದರು. ಆದರೆ ಅದೇ ತಯಾರಕರ ಸ್ಪ್ರಿಂಗ್, ಕಪ್, ಲಾಕ್ ಒಟ್ಟಿಗೆ ತರಿಸಿ, ಹೊಸ ರಾಕರ್ ಕೂಡಿಸಿ, ಪಿಸ್ಟನ್ ಮೇಲೆ ಮಕ್ಕಳು ಆಡುವ ಕ್ಲೇ ಇಟ್ಟು ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಜಾಗವಿದೆ ಎಂದು ಅಳೆಸಿದ ಮೇಲೆಯೇ ಹೆಡ್ ಮುಚ್ಚಿಸಿದರು. ಆ ಗಾಡಿ ಚೆನ್ನಾಗಿ ಓಡುತ್ತಿದೆ.

ಸಾಬ್ರು ನನಗೆ ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಎಂಟು ಸಾಲು, ಪ್ರತಿ ವಾಲ್ವಿಗೆ ಸ್ಪ್ರಿಂಗ್ ಕೂತ ಎತ್ತರ, ವಾಲ್ವ್ ಪೂರ್ತಿ ತೆರೆದಾಗ ಸುರುಳಿಗಳ ನಡುವೆ ಉಳಿದ ಜಾಗ, ಕಪ್ಪಿಗೂ ಆಯಿಲ್ ಸೀಲಿಗೂ ನಡುವಿನ ಅಂತರ, ಸ್ಕ್ರೂ ತುದಿ ವಾಲ್ವಿನ ತಲೆಯಲ್ಲಿ ಬಿಟ್ಟ ಗುರುತು ನಡುವಿದೆಯೇ ಇಲ್ಲವೇ. ಆ ಹಾಳೆ ಗಾಡಿಯ ಕಾಗದಪತ್ರಗಳ ಜೊತೆಯಲ್ಲೇ ಇದೆ. ಆಮೇಲೆ 38,000 ಕಿಲೋಮೀಟರ್ ಓಡಿದೆ, ಟ್ಯಾಪೆಟ್ ಎರಡು ಸಲ ನೋಡಿಸಿದೆ, ಸ್ಕ್ರೂವನ್ನು ಕಾಲು ಸುತ್ತು ಕೂಡ ತಿರುಗಿಸಬೇಕಾಗಲಿಲ್ಲ. ನಿಮ್ಮ ಗಾಡಿಯ ಹೆಡ್ ಬಿಚ್ಚಿಸುವ ದಿನ ಬಂದರೆ, ದುಡ್ಡು ಕೊಡುವ ಮೊದಲು ಅಂಥದ್ದೊಂದು ಹಾಳೆಯನ್ನು ಕೇಳಿ ಬರೆಸಿಕೊಳ್ಳಿ.